ಆರು ಬಿಂದಿಗೆ ನೀರು

ನಾನು ಹೆಣ ತೊಳೆಯುವವಳು. ಹೆಸರು ಸಾದಿಯಾ. ತುಮಕೂರಿನಿಂದ ಮರಳೂರಿನ ಕಡೆ ಹೋಗುವಾಗ ಎಡಕ್ಕೆ ಸಿಗುವ ಗಾಣದ ಗಲ್ಲಿಯಲ್ಲಿ ನನ್ನ ಮನೆ. ನಮ್ಮಲ್ಲಿ ಹೆಂಗಸು ಸತ್ತರೆ ಮಣ್ಣಿಗೆ ಇಡುವ ಮೊದಲು ಇನ್ನೊಬ್ಬ ಹೆಂಗಸು ಸ್ನಾನ ಮಾಡಿಸಬೇಕು. ಅದಕ್ಕೆ ಗುಸುಲ್ ಅನ್ನುತ್ತಾರೆ. ಮನೆಯವರಿಗೆ ಧೈರ್ಯ ಸಾಲುವುದಿಲ್ಲ, ನನ್ನನ್ನು ಕರೆಯುತ್ತಾರೆ. ಹೊಟ್ಟೆಯನ್ನು ಮೆಲ್ಲಗೆ ಒತ್ತಬೇಕು. ಹೊರಗೆ ಬಂದದ್ದನ್ನು ತೊಳೆಯಬೇಕು. ಬೋರೆ ಎಲೆ ಕುದಿಸಿದ ನೀರು ಹಾಕಬೇಕು, ಬಲಗಡೆ ಮೊದಲು, ಎಡಗಡೆ ಆಮೇಲೆ. ಕೊನೆಯ ನೀರಿಗೆ ಕರ್ಪೂರ. ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಸತ್ತವರ ತೂಕ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗಿದೆ.

ಉಳಿದ ದಿನ ಬೀಡಿ ಸುತ್ತುತ್ತೇನೆ. ನಾನು ಸುತ್ತಿದ ಬೀಡಿಯನ್ನು ಊರೆಲ್ಲ ಸೇದುತ್ತದೆ. ನಾನು ಮಾಡಿದ ಶಾವಿಗೆ ಪಾಯಸವನ್ನು ಹಬ್ಬದ ದಿನವೂ ಯಾರೂ ಮುಟ್ಟುವುದಿಲ್ಲ. ಮದುವೆಗೆ ಕರೆಯುತ್ತಾರೆ, ಕೂರಿಸುವುದು ಚಪ್ಪಲಿ ಬಿಡುವ ಜಾಗದಲ್ಲಿ. ಮದುಮಗಳಿಗೆ ಅರಿಶಿನ ಹಚ್ಚುವಾಗ ನಾನು ಎದ್ದರೆ, 'ನೀನು ಆಮೇಲೆ ಬಾ ಸಾದಿಯಾ' ಅನ್ನುತ್ತಾರೆ. ಆಮೇಲೆ ಅಂದರೆ ಯಾವಾಗ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಇಂಥ ನನ್ನ ಬಾಗಿಲಿಗೆ, ಎರಡು ಸಾವಿರದ ಒಂದನೇ ಇಸವಿಯ ನಗರಸಭೆ ಚುನಾವಣೆಗೆ ಹತ್ತು ದಿನ ಇದೆ ಅನ್ನುವಾಗ, ಗಲ್ಲಿಯ ಹೆಂಗಸರು ಬಂದು ನಿಂತರು. ಹತ್ತು ಹನ್ನೆರಡು ಜನ. ಮನೆಯಲ್ಲಿ ನಾವು ಆಡುವುದು ಉರ್ದು, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಕನ್ನಡ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು.

'ಹೇಳು ಸಾದಿಯಾ, ಈ ಸಲ ಯಾರಿಗೆ? ಶಾಬಾಜ್ ಭಾಯ್‌ಗೇ ಹಾಕೋದಾ?'

ನನ್ನನ್ನು ಕೇಳುವುದಕ್ಕೆ ಕಾರಣ ಇತ್ತು. ಶಾಬಾಜ್ ನಮ್ಮ ವಾರ್ಡಿನ ಕೌನ್ಸಿಲರ್. ಐದು ವರ್ಷದ ಹಿಂದೆ ಅವನನ್ನು ಈ ಗಲ್ಲಿಗೆ ಹೊಗಿಸಿದವಳೇ ನಾನು. ಆಗ ಅವನು ಬಟವಾಡಿಯಲ್ಲಿ ಮರದ ಡಿಪೋ ಇಟ್ಟುಕೊಂಡಿದ್ದ, ಮೊದಲ ಸಲ ನಿಂತಿದ್ದ. ಓಟು ಕೇಳಲು ಬಂದವನು ನನ್ನ ಮನೆ ಮುಂದೆ ನಿಂತು, 'ಆಪಾ, ಒಂದು ಚಹಾ ಕೊಡು, ಬಾಯಿ ಒಣಗೋಯ್ತು' ಅಂದ. ಜೊತೆಗಿದ್ದವರು ಮುಖ ಮುಖ ನೋಡಿಕೊಂಡರು. ಒಬ್ಬ ಅವನ ಕಿವಿಯಲ್ಲಿ ಏನೋ ಊದಿದ. 'ಹೆಣ ತೊಳೆದ ಕೈ ಅಂತೀಯಾ? ನಾಳೆ ನಮ್ಮ ಮನೇಲೂ ಯಾರಾದ್ರೂ ಸತ್ರೆ ಈ ಕೈಯೇ ಬೇಕಲ್ಲ ಕಣೋ' ಅಂದು ಶಾಬಾಜ್ ಲೋಟ ತೆಗೆದುಕೊಂಡ. ತಳ ಕಾಣುವವರೆಗೆ ಕುಡಿದ.

ನನಗೆ ಅಳು ಬಂದುಬಿಟ್ಟಿತು. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಒಂದು ಲೋಟ ಚಹಾಕ್ಕೆ ನಾನು ಬಿದ್ದುಹೋದೆ. ಗಲ್ಲಿಯ ಒಳಗೆ ನಲ್ಲಿ ಹಾಕಿಸುತ್ತೇನೆ ಅಂದ. ನಾನು ಮನೆಮನೆಗೂ ಹೋಗಿ, 'ಇವನು ಮನುಷ್ಯ, ನನ್ನ ಮಾತು ನಂಬಿ' ಅಂದೆ. ನಂಬಿದರು. ಸತ್ತವರ ಮೈಯ ಗುಟ್ಟನ್ನು ನಾನು ಎಂದೂ ಬಾಯಿಬಿಟ್ಟವಳಲ್ಲ, ಅದಕ್ಕೆ ನನ್ನ ಮಾತಿಗೆ ಬೆಲೆ ಇತ್ತು. ಅವನು ಗೆದ್ದದ್ದು ನಲವತ್ತೊಂದು ಓಟಿನಲ್ಲಿ. ನಮ್ಮ ಗಲ್ಲಿಯ ಹೆಂಗಸರ ಓಟೇ ಎಂಬತ್ತರ ಮೇಲಿತ್ತು.

ಅವನು ಏನೂ ಮಾಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಕತ್ತಲೆ ಮೂಲೆಗೆ ಲೈಟು ಹಾಕಿಸಿದ. ರೇಷನ್ ಕಾರ್ಡು ಮಾಡಿಸಿಕೊಟ್ಟ. ನನಗೆ ವಿಧವಾ ವೇತನ ಬರುವ ಹಾಗೆ ಮಾಡಿದ. ನನ್ನ ತಮ್ಮ ಮುಜಮ್ಮಿಲ್‌ನನ್ನು ನಗರಸಭೆಯಲ್ಲಿ ದಿನಗೂಲಿ ವಾಲ್ವ್‌ಮನ್ ಮಾಡಿಸಿದ, ರಸ್ತೆರಸ್ತೆಗೆ ಹೋಗಿ ನೀರು ಬಿಡುವ ಕೆಲಸ. ನಲ್ಲಿ ಮಾತ್ರ ಬರಲಿಲ್ಲ. ಪೈಪು ಗಲ್ಲಿಯ ಬಾಯಲ್ಲಿರುವ ಭದ್ರಮ್ಮನ ಮನೆ ಮೂಲೆಯವರೆಗೆ ಬಂದು ನಿಂತಿತು. ಅಲ್ಲಿ ಒಂದೇ ನಲ್ಲಿ, ಅರವತ್ತು ಮನೆಗೆ.

'ಯೋಚನೆ ಮಾಡಿ ಹೇಳ್ತೀನಿ' ಅಂದೆ ಹೆಂಗಸರಿಗೆ.

ಅವರ ಹಿಂದೆ, ಗೋಡೆಗೆ ಒರಗಿಕೊಂಡು ರಹಿಮಾ ಬೀ ನಿಂತಿದ್ದಳು. ಅವಳ ಸೊಂಟದಲ್ಲಿ ಏಳು ತಿಂಗಳ ಹೆಣ್ಣುಕೂಸು, ಅವಳ ಮಗಳ ಮಗಳು. ಕೂಸು ನನ್ನ ಕಡೆ ಕೈ ಚಾಚಿತು. ನಾನು ಒಳಗೆ ಹೋದೆ.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೀಡಿ ಸುತ್ತಲು ಕೂತರೆ ಹೊಗೆಸೊಪ್ಪು ಮೊರದಿಂದ ಚೆಲ್ಲುತ್ತಿತ್ತು. ಎದ್ದು ಬಾಗಿಲಿಗೆ ಹೋಗುವುದು, ಮತ್ತೆ ಬಂದು ಕೂರುವುದು. ಮುಜಮ್ಮಿಲ್ ನೋಡಿ ನೋಡಿ ಸಾಕಾಗಿ ಕೇಳಿದ.

'ಏನ್ ಆಪಾ ನಿಂದು? ಹೇಳ್ಬಿಡು ಶಾಬಾಜ್ ಭಾಯ್‌ಗೇ ಅಂತ. ಅವ್ನಲ್ದೆ ಇನ್ಯಾರು? ಆ ಮೋಹನ್‌ಕುಮಾರ್ ಮುಖ ನಾವು ನೋಡಿರೋದೇ ಪೋಸ್ಟರ್‌ನಾಗೆ.'

'ಅರ್ಜೂ ವಿಷಯ ನಿನಗೆ ಮರ್ತೋಯ್ತಾ?'

ಅವನು ತಟ್ಟೆಯಲ್ಲಿ ಕೈ ಹಾಗೇ ಇಟ್ಟುಕೊಂಡ. 'ಮರ್ತಿಲ್ಲ. ಆದ್ರೆ ಅದನ್ನ ತೆಗೆದ್ರೆ ಮೊದಲು ನಿನ್ನ ಮೇಲೇ ಬರುತ್ತೆ, ಆಮೇಲೆ ನನ್ನ ಕೆಲಸದ ಮೇಲೆ. ಬಾಯಿ ಮುಚ್ಕೊಂಡಿರು ಆಪಾ, ನಿನ್ನ ದಮ್ಮಯ್ಯ.'

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದನ್ನು ಈಗ ಹೇಳುತ್ತೇನೆ.

ಅರ್ಜೂ ರಹಿಮಾ ಬೀಯ ಒಬ್ಬಳೇ ಮಗಳು. ಗುಬ್ಬಿಗೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಏಪ್ರಿಲ್ ತಿಂಗಳು. ಮೂಲೆಯ ನಲ್ಲಿಯಲ್ಲಿ ನೀರು ಬಂದು ಹನ್ನೊಂದು ದಿನವಾಗಿತ್ತು. ಮಸೀದಿಯಲ್ಲಿ ಕೈಕಾಲು ತೊಳೆಯುವ ಹೌಜು ಒಣಗಿ ಅದರ ತಳದಲ್ಲಿ ಬೆಕ್ಕು ಮಲಗುತ್ತಿತ್ತು. ಹೆಣ್ಣುಕೂಸು ಹುಟ್ಟಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ಬೆಳಗಿನ ಹೊತ್ತಿಗೆ ಆಸ್ಪತ್ರೆಯಿಂದ ಹೆಣ ತಂದು ನಡುಮನೆಯಲ್ಲಿ ಮಲಗಿಸಿದರು. ಇಪ್ಪತ್ತೆರಡು ವರ್ಷದ ಹುಡುಗಿ. ಸೊಂಟದಿಂದ ಕೆಳಗೆ ರಕ್ತ ಒಣಗಿ ಬಟ್ಟೆ ಮೈಗೆ ಅಂಟಿಕೊಂಡಿತ್ತು. ಇಂಥ ಮೈಗೆ ನೀರು ಹೆಚ್ಚು ಬೇಕು.

ನಾನು ಬಿಂದಿಗೆ ಹಿಡಿದು ಮನೆಮನೆ ತಿರುಗಿದೆ. ಕುಡಿಯುವ ನೀರನ್ನೇ ಕೊಟ್ಟರು. ರಹಿಮಾ ಬೀಯ ಮನೆಯದು ಒಂದು, ನನ್ನದು ಒಂದು, ಎದುರು ಮನೆಗಳಿಂದ ಎರಡು. ಭದ್ರಮ್ಮನ ಬೋರು ಮಾರ್ಚಿನಲ್ಲೇ ನಿಂತುಹೋಗಿತ್ತು, ಆದರೂ ಆಕೆ ತೊಟ್ಟಿಯ ತಳದಲ್ಲಿದ್ದುದನ್ನು ಬಳಿದು ಎರಡು ಬಿಂದಿಗೆ ತುಂಬಿಸಿದಳು. 'ತಗೊಂಡೋಗು ಕಣೇ. ಆ ಮಗೀನ ಚೆಂದಾಗಿ ತೊಳುದು ಕಳ್ಸು' ಅಂದಳು. ಒಟ್ಟು ಆರು. ರಹಿಮಾ ಬೀಯ ಹಿತ್ತಲಲ್ಲಿ ಸಾಲಾಗಿ ಇಟ್ಟು ಮೇಲೆ ಬಟ್ಟೆ ಮುಚ್ಚಿದೆ. ಆರು ಬಿಂದಿಗೆಯಲ್ಲಿ ಕೈ ಬಿಗಿ ಹಿಡಿದು ಮಾಡಿದರೆ ಆಗುತ್ತಿತ್ತು. ನನಗೆ ಸಮಾಧಾನ ಇರಲಿಲ್ಲ. ಆ ಹುಡುಗಿಗೆ ಬಿಗಿಯಾಗಿ ಮಾಡಲು ಮನಸ್ಸು ಬರಲಿಲ್ಲ. ಎಸ್‌ಟಿಡಿ ಬೂತಿಗೆ ಓಡಿ ಶಾಬಾಜ್‌ಗೆ ಫೋನು ಮಾಡಿದೆ.

'ಒಂದು ಗಂಟೇಲಿ ನಗರಸಭೆ ಟ್ಯಾಂಕರ್ ನಿಮ್ಮ ಗಲ್ಲೀಲಿ ಇರುತ್ತೆ ಆಪಾ. ನನ್ನ ಅಮ್ಮನಾಣೆ' ಅಂದ.

ಹತ್ತು ಗಂಟೆ ಆಯಿತು, ಹನ್ನೊಂದಾಯಿತು. ಗುಬ್ಬಿಯಿಂದ ಗಂಡನ ಕಡೆಯವರು ಬಂದರು, ಕುಣಿಗಲ್‌ನಿಂದ ರಹಿಮಾ ಬೀಯ ಅಣ್ಣತಮ್ಮಂದಿರು ಬಂದರು. ಮಣ್ಣಿಗೆ ಮೊದಲು ಮಾಡುವ ಜನಾಜಾ ನಮಾಜಿಗೆ ನಿಲ್ಲಬೇಕಾದರೆ ವುಜೂ ಮಾಡಬೇಕು, ಕೈಕಾಲು ಮುಖ ತೊಳೆಯಬೇಕು. ಹೌಜಿನಲ್ಲಿ ನೀರಿಲ್ಲ. ಜಮಾತಿನ ಹಿರಿಯ ಬಾಬಾ ಜಾನ್ ಹಿತ್ತಲ ಬಾಗಿಲಿಗೆ ಬಂದರು.

'ಸಾದಿಯಾ, ಆ ನೀರು ಕೊಡಮ್ಮ. ಗಂಡಸರು ವುಜೂ ಇಲ್ದೆ ನಿಂತವ್ರೆ. ದೂರದಿಂದ ಬಂದವ್ರು.'

'ಇದು ಅರ್ಜೂದು ಚಾಚಾ.'

'ಟ್ಯಾಂಕರ್ ಬರುತ್ತಂತಲ್ಲ. ನೀನೇ ಅಲ್ವಾ ಫೋನ್ ಮಾಡಿದ್ದು?'

ನಾನೇ. ಶಾಬಾಜ್ ನನಗೇ ಆಣೆ ಹಾಕಿ ಹೇಳಿದ್ದ. ನನ್ನ ಮಾತು ಕೇಳಿ ಇಷ್ಟು ದೊಡ್ಡ ಟ್ಯಾಂಕರ್ ಬರುತ್ತದೆ ಅನ್ನುವ ಜಂಬ ಬೇರೆ ಇತ್ತು ನನಗೆ, ಸುಳ್ಳು ಯಾಕೆ ಹೇಳಲಿ. ಬಟ್ಟೆ ಸರಿಸಿ, 'ತಗೊಳ್ಳಿ' ಅಂದೆ. ಆರೂ ಬಿಂದಿಗೆ ಹೋದವು. ಗಂಡಸರು ಬೊಗಸೆ ಬೊಗಸೆ ಎತ್ತಿ ಮೂರು ಮೂರು ಸಲ ತೊಳೆದುಕೊಂಡರು. ಚರಂಡಿಯಲ್ಲಿ ನೀರು ಹರಿಯುವುದನ್ನು ಭದ್ರಮ್ಮ ತನ್ನ ಜಗುಲಿಯಿಂದ ನೋಡುತ್ತಿದ್ದಳು. ನನ್ನ ಮುಖ ನೋಡಿದಳು.

ಟ್ಯಾಂಕರ್ ಬರಲಿಲ್ಲ. ಮತ್ತೆ ಬೂತಿಗೆ ಓಡಿದೆ, ಫೋನು ಯಾರೂ ಎತ್ತಲಿಲ್ಲ. ಮೂರು ಗಂಟೆಯ ಬಿಸಿಲಿಗೆ ಹೆಣ ಊದತೊಡಗಿತು. ವಾಸನೆ ಶುರುವಾಯಿತು. ಬಾಬಾ ಜಾನ್ ಮಸೀದಿಯ ಪೇಶ್ ಇಮಾಮರನ್ನು ಕೇಳಿಕೊಂಡು ಬಂದರು. ನೀರು ಇಲ್ಲವೇ ಇಲ್ಲ ಅಂದರೆ ಮಣ್ಣಿನಲ್ಲಿ ಮಾಡಬಹುದು. ತಯಮ್ಮುಮ್. ಮರಳುಗಾಡಿನಲ್ಲಿ ದಾರಿ ತಪ್ಪಿದವರಿಗೆ ಅಂತ ಕೊಟ್ಟ ರಿಯಾಯಿತಿ ಅದು. ನಾನು ಹಿತ್ತಲ ನೆಲಕ್ಕೆ ಎರಡೂ ಅಂಗೈ ಬಡಿದೆ. ದೂಳು ಅಂಟಿದ ಕೈಯಲ್ಲಿ ಅರ್ಜೂಳ ಮುಖ ಸವರಿದೆ. ಮತ್ತೆ ಬಡಿದೆ, ಅವಳ ಎರಡು ಕೈ ಸವರಿದೆ. ಅಷ್ಟೇ. ರಕ್ತ ಹಾಗೇ ಇತ್ತು. ಅದರ ಮೇಲೆ ಕಫನ್ ಸುತ್ತಿದೆ. ಬಿಳಿ ಬಟ್ಟೆಯಲ್ಲಿ ಕಂದು ಕಲೆ ಎದ್ದಿತು, ಇನ್ನೊಂದು ಸುತ್ತು ಸುತ್ತಿದೆ.

ವುಜೂವನ್ನೂ ಮಣ್ಣಿನಲ್ಲಿ ಮಾಡಬಹುದು. ಆ ಗಂಡಸರು ಮಾಡಬಹುದಿತ್ತು. ಜೀವ ಇದ್ದವರು ನೀರಿನಲ್ಲಿ ತೊಳೆದುಕೊಂಡು, ಸತ್ತವಳನ್ನು ಮಣ್ಣಿನಲ್ಲಿ ಕಳಿಸಿದೆವು. ಕೊಟ್ಟವಳು ನಾನು. ರಹಿಮಾ ಬೀ ಒಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ನೀರು ಇರಲೇ ಇಲ್ಲ ಅಂತ ಅವಳು ತಿಳಿದಿದ್ದಳು.

ಹೆಣ ಹೊತ್ತು ಜನಾಜಾ ಹೊರಟ ಮೇಲೆ ನಾನು ಕೈಯಲ್ಲಿ ಮಣ್ಣು ಹಾಗೇ ಇಟ್ಟುಕೊಂಡು ಬಟವಾಡಿಗೆ ನಡೆದೆ. ಶಾಬಾಜ್ ರಸ್ತೆ ಬದಿಗೆ ಹೊಸದಾಗಿ ಅಂಗಡಿ ಮಳಿಗೆ ಕಟ್ಟಿಸುತ್ತಿದ್ದ. ಮೂರು ದಿನದ ಹಿಂದೆ ಮೋಲ್ಡ್ ಹಾಕಿದ್ದರು. ತಾರಸಿಯ ಮೇಲೆ ಸಿಮೆಂಟಿನ ಪುಟ್ಟ ಪುಟ್ಟ ಕಟ್ಟೆ ಕಟ್ಟಿ, ಗದ್ದೆಗೆ ನಿಲ್ಲಿಸುವ ಹಾಗೆ ನೀರು ನಿಲ್ಲಿಸಿದ್ದರು. ಅಂಚಿನಿಂದ ತೊಟತೊಟ ಸುರಿಯುತ್ತಿತ್ತು. ಕೆಳಗೆ ನಗರಸಭೆಯ ಟ್ಯಾಂಕರ್ ನಿಂತಿತ್ತು. ಮೇಸ್ತ್ರಿ ರಾಮಾಂಜಿನಯ್ಯ ಬೀಡಿ ಸೇದುತ್ತ ಕೂತಿದ್ದ.

'ಬೆಳಿಗ್ಗೆಯಿಂದ ಎಲ್ಡು ಲೋಡ್ ಬಂತು ಕಣಮ್ಮ' ಅಂದ. 'ಕ್ಯೂರಿಂಗ್ ಆಗ್ದಿದ್ರೆ ಮೋಲ್ಡು ಬಿರುಕು ಬುಡ್ತದೆ.'

ನಾನು ಸುರಿಯುವ ನೀರಿಗೆ ಕೈ ಒಡ್ಡಿದೆ. ಮಣ್ಣು ಕರಗಿ ಮೊಣಕೈವರೆಗೆ ಇಳಿಯಿತು.

ಮೂರನೇ ದಿನ ಶಾಬಾಜ್ ಬಂದು ರಹಿಮಾ ಬೀಯ ಮುಂದೆ ಕಣ್ಣೀರು ಹಾಕಿ ಹೋದ. ನಾನು ಕೇಳಬೇಕಿತ್ತು. ಕೇಳಲಿಲ್ಲ. ಮುಜಮ್ಮಿಲ್ ನನ್ನ ಸೆರಗು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಕೇಳಿದರೆ ಬಿಂದಿಗೆಯ ಮಾತು ಬರುತ್ತಿತ್ತು. ನನ್ನ ಮರ್ಯಾದೆ, ಅವನ ಕೆಲಸ, ಎರಡನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಏಳು ತಿಂಗಳು ಸುಮ್ಮನಿದ್ದೆ.

ಹೀಗಿರುವಾಗ ಚುನಾವಣೆಗೆ ಐದು ದಿನ ಇದೆ ಅನ್ನುವಾಗ ಬೆಳಿಗ್ಗೆ ಮನೆ ಮುಂದೆ ಆಟೋ ಬಂದು ನಿಂತಿತು. ಶಾಬಾಜ್‌ನ ತಾಯಿ ಹೋಗಿಬಿಟ್ಟಿದ್ದರು. ಎಂಬತ್ತು ದಾಟಿದ ಮುದುಕಿ. 'ಆಣೆ ತಟ್ಟಿತು ಬುಡು' ಅಂದಳು ಭದ್ರಮ್ಮ, ಅವತ್ತು ಅವನು ಫೋನಿನಲ್ಲಿ ಅಮ್ಮನಾಣೆ ಹಾಕಿದ್ದನ್ನು ಅವಳಿಗೆ ನಾನೇ ಹೇಳಿದ್ದೆ. ಇದೊಂದು ಸಲ ಅವಳ ಮಾತು ನನಗೆ ಹಿಡಿಸಲಿಲ್ಲ. ಮುದುಕಿ ವಯಸ್ಸಾಗಿ ಸತ್ತಳು. ಮಗನ ಸುಳ್ಳಿಗೆ ಅವಳು ಯಾಕೆ ಸಾಯಬೇಕು.

ಅವರ ಹಿತ್ತಲಲ್ಲಿ ಎರಡು ಡ್ರಮ್ಮು ತುಂಬಿತ್ತು. ಮೇಲೆ ಟ್ಯಾಂಕು, ಗೋಡೆಯಲ್ಲಿ ನಾಲ್ಕು ನಲ್ಲಿ. ಮೋಟರು ಗುಂಯ್ ಅನ್ನುತ್ತಿತ್ತು. ನಾನು ನಲ್ಲಿ ತಿರುಗಿಸಿದೆ. ನೀರು ಬಂತು. ಸುಮ್ಮನೆ ನೋಡುತ್ತ ನಿಂತುಬಿಟ್ಟೆ. ಸೊಸೆ 'ಏನಾಯ್ತು ಆಪಾ?' ಅಂದಳು. ಹೂವಿನ ಕುಂಡಗಳು ಸಾಲಾಗಿದ್ದವು, ಒಳ್ಳೆ ಕೆಂಪು ಮಣ್ಣು. ನನಗೆ ಕೆಟ್ಟ ಯೋಚನೆ ಬಂತು, ಬರಲಿಲ್ಲ ಅಂತ ಹೇಳುವುದಿಲ್ಲ. ಆ ಮಣ್ಣಿಗೆ ಕೈ ಬಡಿದು ಈ ಮುದುಕಿಯ ಮುಖ ಸವರಿ, 'ಆಯ್ತು, ಎತ್ತಿ' ಅಂದುಬಿಡಬೇಕು ಅನ್ನಿಸಿತು. ಆದರೆ ಹಲಗೆಯ ಮೇಲೆ ಮಲಗಿದ್ದವಳು ಯಾರ ನೀರನ್ನೂ ಕಿತ್ತುಕೊಂಡವಳಲ್ಲ. ಹೆಣದ ಮೇಲೆ ಸಿಟ್ಟು ತೀರಿಸುವಷ್ಟು ಕೆಳಗೆ ನಾನು ಇಳಿದಿಲ್ಲ. ಹದಿನಾಲ್ಕು ಬಿಂದಿಗೆ ಹಾಕಿದೆ. ಬಲಗಡೆ ಮೊದಲು, ಎಡಗಡೆ ಆಮೇಲೆ. ಉಗುರಿನ ಸಂದಿ, ಕಿವಿಯ ಹಿಂದೆ, ಎಲ್ಲ ತೊಳೆದೆ. ತೊಳೆಯುತ್ತ ಅತ್ತೆ. ಮನೆಯ ಹೆಂಗಸರು ಅವರ ಅಮ್ಮನಿಗೆ ಅಳುತ್ತಿದ್ದೇನೆ ಅಂದುಕೊಂಡರು.

ಮಣ್ಣು ಮುಗಿಸಿ ಬಂದ ಮೇಲೆ ಶಾಬಾಜ್ ನನ್ನನ್ನು ಕರೆಸಿದ. ಅಂಗಳದಲ್ಲಿ ಜಮಾತಿನವರೆಲ್ಲ ಕೂತಿದ್ದರು, ಬಾಬಾ ಜಾನ್ ಕೂಡ. ಸತ್ತವರ ಬಟ್ಟೆಯನ್ನು ತೊಳೆದವಳಿಗೆ ಕೊಡುವುದು ಪದ್ಧತಿ. ಅವನು ತಾಯಿಯ ಎರಡು ರೇಷ್ಮೆ ಸೀರೆ ಹಿಡಿದುಕೊಂಡು ನಿಂತಿದ್ದ. ಕಣ್ಣು ಊದಿತ್ತು. ಆ ಅಳು ನಿಜವಾದದ್ದೇ.

'ಚೆನ್ನಾಗಿ ಕಳಿಸ್ಕೊಟ್ಟೆ ಆಪಾ. ನಿನ್ನ ಋಣ ತೀರಿಸಕ್ಕಾಗಲ್ಲ. ಎಲೆಕ್ಷನ್ ಮುಗೀಲಿ, ಮುಜಮ್ಮಿಲ್‌ನ ಪರ್ಮನೆಂಟ್ ಮಾಡಿಸ್ತೀನಿ.'

ಬಾಯಿಗೆ ಬಂದಿದ್ದನ್ನು ನುಂಗಿಕೊಂಡು ಸೀರೆ ಇಸಿದುಕೊಂಡು ಬರಬಹುದಿತ್ತು. ಕೈ ಮುಂದೆ ಹೋಗಲಿಲ್ಲ.

'ಸೀರೆ ಬೇಡ ಭಾಯ್. ಒಂದು ಮಾತು ಹೇಳು ಸಾಕು. ಅರ್ಜೂ ಸತ್ತ ದಿನ ಟ್ಯಾಂಕರ್ ಎಲ್ಲಿತ್ತು?'

'ಇವತ್ತು ಅದು ಮಾತಾಡೋ ದಿನ ಏನಮ್ಮ?' ಅಂದರು ಬಾಬಾ ಜಾನ್.

ಶಾಬಾಜ್ ಅವರನ್ನು ಕೈಸನ್ನೆಯಲ್ಲಿ ತಡೆದ. 'ನಾನು ಡ್ರೈವರ್‌ಗೆ ಹೇಳಿದ್ದೆ ಆಪಾ. ಮೊದಲು ಮೋಲ್ಡಿಗೆ ಬಿಟ್ಟು ಆಮೇಲೆ ಗಲ್ಲಿಗೆ ಹೋಗು ಅಂದಿದ್ದೆ. ಅಲ್ಲೇ ಖಾಲಿಯಾಗೋಯ್ತು. ಇನ್ನೊಂದು ಲೋಡ್ ತರೋ ಹೊತ್ಗೆ ನಿಮ್ದು ಮುಗ್ದಿತ್ತಂತೆ. ನಾನೇನ್ ಬೇಕು ಅಂತ ಮಾಡಿದ್ನಾ?'

'ಮೊದಲು ಮೋಲ್ಡಿಗೆ ಅಂದೆ.'

'ಅಂದೆ. ಅದು ಬಿರುಕು ಬಿಟ್ರೆ ಮತ್ತೆ ಒಡೆದು ಹಾಕ್ಬೇಕಿತ್ತು.'

ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ತನ್ನ ಬಾಯಿಂದ ಏನು ಬಂತು ಅಂತ ಅವನಿಗೆ ಗೊತ್ತೇ ಆಗಲಿಲ್ಲ, ಅಲ್ಲಿ ಕೂತಿದ್ದ ಒಬ್ಬ ಗಂಡಸಿಗೂ ಗೊತ್ತಾಗಲಿಲ್ಲ. ಎಲ್ಲರೂ ಹೌದು ಹೌದು ಅಂತ ತಲೆ ಆಡಿಸಿದರು. ನಾನು ಸೀರೆ ಮುಟ್ಟದೆ ಹೊರಗೆ ಬಂದೆ. ಆಟೋ ಹತ್ತಲಿಲ್ಲ, ನಡೆದೇ ಬಂದೆ.

ನಾನು ಬರುವ ಮೊದಲೇ ಸಾವಿನ ಸುದ್ದಿ ಗಲ್ಲಿಯೆಲ್ಲ ಹರಡಿತ್ತು. ಸುದ್ದಿಯ ಜೊತೆಗೆ ಮರುಕವೂ ಬಂದಿತ್ತು. 'ಪಾಪ, ತಾಯಿ ಸತ್ತವನು. ಕಣ್ಣು ನೋಡಿದ್ರಾ? ಈ ಸಲನೂ ಅವನಿಗೇ ಹಾಕೋಣ ಬುಡ್ರೇ' ಅನ್ನುತ್ತಿದ್ದರು. ಮರುದಿನ ಬಾಬಾ ಜಾನ್ ಬಂದು ಹೊಸ್ತಿಲ ಆಚೆಯೇ ನಿಂತರು.

'ಜಮಾತ್ ತೀರ್ಮಾನ ಆಗಿದೆ ಸಾದಿಯಾ. ನೀನೊಂದು ಮಾತು ಹೇಳ್ಬಿಡು ಹೆಂಗಸರಿಗೆ. ಹಳೇದನ್ನ ಕೆದಕಬೇಡ. ಕೆದಕಿದ್ರೆ ಆ ಬಿಂದಿಗೆ ಕೊಟ್ಟೋಳು ಯಾರು ಅಂತ ಜನ ಕೇಳ್ತಾರೆ.'

'ಕೇಳಿದೋರು ಯಾರು ಅಂತಾನೂ ಕೇಳ್ತಾರಲ್ಲ ಚಾಚಾ' ಅಂದೆ.

ಅವರು ಕೆಮ್ಮಿದರು. ಹೋದರು. ಆ ದಿನವೆಲ್ಲ ನಾನು ಮನೆಯೊಳಗೆ ಗೋಡೆಯಿಂದ ಗೋಡೆಗೆ ತಿರುಗಿದೆ. ಲೈಟು ಹಾಕಿಸಿದವನು. ರೇಷನ್ ಕಾರ್ಡು ಕೊಟ್ಟವನು. ನನ್ನ ಕೈಯ ಚಹಾ ಕುಡಿದವನು. ಎಲ್ಲವನ್ನೂ ಒಂದು ಕಡೆ ಇಟ್ಟು ನೋಡಿದೆ. ಇವನು ಕೆಟ್ಟವನು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಇವನ ಸಾಲಿನಲ್ಲಿ ನಾವು ಯಾವಾಗಲೂ ಮೋಲ್ಡಿನ ಹಿಂದೆ ನಿಂತವರು. ಉಳಿದರೆ ನಮಗೆ. ಐದು ವರ್ಷ ಉಳಿದದ್ದನ್ನು ತಿಂದು ನಾನು ಅವನನ್ನು ಹೊಗಳಿದ್ದೆ. ಹೇಳದೆ ಹೋದರೆ ನಾಳೆ ಇನ್ನೊಬ್ಬ ಹುಡುಗಿಗೆ ನಾನು ಮಣ್ಣು ಬಡಿಯಬೇಕಾಗುತ್ತದೆ. ಹೇಳಿದರೆ ಈ ಗಲ್ಲಿಯಲ್ಲಿ ಯಾರೂ ನನ್ನನ್ನು ಹೆಣಕ್ಕೂ ಕರೆಯುವುದಿಲ್ಲ. ಅದೊಂದೇ ನನ್ನ ಹತ್ತಿರ ಇದ್ದ ಮರ್ಯಾದೆ.

ಓಟಿನ ಹಿಂದಿನ ಸಂಜೆ ಹೆಂಗಸರನ್ನು ಅಂಗಳಕ್ಕೆ ಕರೆದೆ. ರಹಿಮಾ ಬೀ ಕೂಸನ್ನು ಎತ್ತಿಕೊಂಡು ಬಂದು ಹಿಂದೆ ನಿಂತಳು. ಮುಜಮ್ಮಿಲ್ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಕೂತಿದ್ದ.

'ಹೋದ ಸಲ ನಾನು ಹೇಳಿದ್ದಕ್ಕೆ ಹಾಕಿದ್ರಿ' ಅಂದೆ. 'ಅದು ನನ್ನ ತಪ್ಪು. ಇನ್ನೊಂದು ತಪ್ಪು ಇದೆ. ಅರ್ಜೂಗೆ ನೀರು ಸಾಲಲಿಲ್ಲ ಅಂತ ನೀವೆಲ್ಲ ಅಂದ್ಕೊಂಡಿದೀರಿ. ನೀರು ಇತ್ತು. ಆರು ಬಿಂದಿಗೆ. ನೀವೇ ಕೊಟ್ಟಿದ್ದು. ಟ್ಯಾಂಕರ್ ಬರುತ್ತೆ ಅಂತ ಶಾಬಾಜ್ ಆಣೆ ಹಾಕಿದ. ನಂಬಿ ನಾನು ಆ ನೀರನ್ನ ಗಂಡಸರ ವುಜೂಗೆ ಕೊಟ್ಟೆ. ಟ್ಯಾಂಕರ್ ಅವನ ಮೋಲ್ಡಿನ ಮೇಲೆ ಖಾಲಿಯಾಯ್ತು. ಮೊದಲು ಅಲ್ಲಿಗೆ ಹಾಕು ಅಂತ ಅವನೇ ಹೇಳಿದ್ದ. ಮೊನ್ನೆ ಅವನ ಬಾಯಿಂದಾನೇ ಕೇಳಿ ಬಂದೆ. ತಾಯಿ ಸತ್ತವನ ಮೇಲೆ ಪಾಪ ಅನ್ನಿ, ಬೇಡ ಅನ್ನಲ್ಲ. ಅವರಮ್ಮನಿಗೆ ಹದಿನಾಲ್ಕು ಬಿಂದಿಗೆ ಹಾಕಿದೀನಿ ನಾನು. ಓಟು ಮಾತ್ರ ಅವನಿಗೆ ಕೊಡಬೇಡಿ. ಯಾರಿಗಾದ್ರೂ ಹಾಕ್ಕೊಳ್ಳಿ. ನನ್ನ ಮಾತು ಕೇಳಿ ಅಂತ ಈ ಸಲ ಹೇಳಲ್ಲ. ನಡೆದಿದ್ದು ಹೇಳಿದೀನಿ, ಅಷ್ಟೆ.'

ಭದ್ರಮ್ಮ ಗಲ್ಲಿಯ ಬಾಯಿಂದ ಬಂದು ನಿಂತಿದ್ದಳು. 'ನಾ ಕೊಟ್ಟ ನೀರೂ ಅದ್ರಾಗಿತ್ತು. ಇವ್ಳು ಹೇಳ್ತಾಳೇನೋ ಅಂತ ಏಳು ತಿಂಗ್ಳು ಕಾದೆ' ಅಂದಳು.

ರಹಿಮಾ ಬೀ ಜನರನ್ನು ದಾಟಿಕೊಂಡು ಮುಂದೆ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು.

'ನನ್ನ ಮನೆ ಬಿಂದಿಗೇನೂ ಕೊಟ್ಯಾ?'

'ಕೊಟ್ಟೆ.'

'ನಾನು ಸತ್ರೆ ನೀನು ನನ್ನ ಮೈ ಮುಟ್ಟಬೇಡ.'

ಅಷ್ಟು ಹೇಳಿ ಹೋದಳು. ಒಬ್ಬೊಬ್ಬರೇ ಎದ್ದು ಹೋದರು. ಇಪ್ಪತ್ತು ವರ್ಷದಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಮರುದಿನ ಸ್ಕೂಲಿನಲ್ಲಿ ಓಟು. ಸಾಲಿನಲ್ಲಿ ನನ್ನ ಮುಂದೆ ನಾಲ್ಕನೆಯವಳು ರಹಿಮಾ ಬೀ. ತಿರುಗಿ ನೋಡಲಿಲ್ಲ. ಗೇಟಿನ ಹೊರಗೆ ಶಾಬಾಜ್ ಕೈಮುಗಿದುಕೊಂಡು ನಿಂತಿದ್ದ. ನನ್ನನ್ನು ನೋಡಿದವನು ಮುಖ ತಿರುಗಿಸಲಿಲ್ಲ. 'ಆಪಾ' ಅಂದ, ಎಂದಿನ ಹಾಗೆ. ಅದೇ ನನಗೆ ಹೆಚ್ಚು ಉರಿಯಿತು. ಒಳಗೆ ಹೋಗಿ ಸೀಲು ಒತ್ತಿದೆ. ಎಲ್ಲಿ ಒತ್ತಿದೆ ಅನ್ನುವುದು ದೊಡ್ಡದಲ್ಲ. ಅವನ ಗುರುತಿನ ಮೇಲೆ ಒತ್ತಲಿಲ್ಲ.

ಇಪ್ಪತ್ತಾರು ಓಟಿನಲ್ಲಿ ಶಾಬಾಜ್ ಸೋತ. ಎಣಿಕೆ ಮುಗಿದ ಮಧ್ಯಾಹ್ನವೇ ನಗರಸಭೆಯವರು ಮುಜಮ್ಮಿಲ್‌ನ ಕೈಯಿಂದ ವಾಲ್ವಿನ ಕೀಲಿ ವಾಪಸ್ ಇಸಿದುಕೊಂಡರು. ಅವನು ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕಿದ.

'ಹಿರೇಹಳ್ಳೀಲಿ ವರ್ಕ್‌ಶಾಪ್‌ನಾಗೆ ಕೇಳ್ತೀನಿ' ಅಂದ.

'ನನ್ನಿಂದ ಆಯ್ತು' ಅಂದೆ.

'ಹೋಗ್ಲಿ ಬುಡು ಆಪಾ. ಬೇರೆ ಗಲ್ಲಿಗೆಲ್ಲ ನೀರು ಬಿಟ್ಟು ಬಂದು ಇಲ್ಲಿ ಖಾಲಿ ಬಿಂದಿಗೆ ನೋಡೋದು ನನಗೂ ಸಾಕಾಗಿತ್ತು.'

ಅಷ್ಟರಲ್ಲಿ ಪಟಾಕಿ ಸದ್ದು ಕೇಳಿತು. ಮೋಹನ್‌ಕುಮಾರ್ ತಮಟೆಯೊಂದಿಗೆ ಗಲ್ಲಿಯೊಳಗೆ ಬಂದ. ಕುತ್ತಿಗೆ ಕಾಣದಷ್ಟು ಹಾರ. ಯಾರೋ ಅವನಿಗೆ ಎಲ್ಲ ಹೇಳಿಕೊಟ್ಟಿದ್ದರು. ನೇರ ನನ್ನ ಮನೆ ಮುಂದೆ ಬಂದು ನಿಂತ. ಹಿಂದೆ ಇದ್ದವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ.

'ಅಕ್ಕಾ, ಒಂದು ಲೋಟ ಟೀ ಕೊಡಿ. ನಿಮ್ಮ ಕೈಯಿಂದಾನೇ ಕುಡೀಬೇಕು ನಾನು.'

ನನಗೆ ನಗು ಬಂತು. ಒಳಗೆ ಹೋಗಿ ಬಿಂದಿಗೆ ತಂದೆ. ಬೋರಲು ಹಾಕಿ ತೋರಿಸಿದೆ. ಒಂದು ತೊಟ್ಟೂ ಬೀಳಲಿಲ್ಲ. ಅವನ ಕಾಲಿನ ಮುಂದೆ ಇಟ್ಟೆ.

'ನೀರಿಲ್ಲ ಸ್ವಾಮಿ. ತುಂಬಿಸಿ ಕೊಡಿ, ಕಾಯಿಸ್ತೀನಿ.'

ತಮಟೆ ನಿಂತಿತು. ಅವನು ಬಿಂದಿಗೆ ನೋಡಿದ, ಹಿಂದಿನವರನ್ನು ನೋಡಿದ. ನಗುತ್ತ ಏನೋ ಹೇಳಲು ಬಾಯಿ ತೆರೆದ. ಆಗ ಎದುರು ಮನೆಯ ಬಾಗಿಲು ತೆರೆಯಿತು. ರಹಿಮಾ ಬೀ ಸೊಂಟದ ಒಂದು ಕಡೆ ಕೂಸು, ಇನ್ನೊಂದು ಕಡೆ ಬಿಂದಿಗೆ ಇಟ್ಟುಕೊಂಡು ಬಂದಳು. ತನ್ನ ಬಿಂದಿಗೆಯನ್ನು ನನ್ನ ಬಿಂದಿಗೆಯ ಪಕ್ಕ ಇಟ್ಟಳು. ಪಕ್ಕದ ಮನೆಗಳಿಂದ ಎರಡು ಬಂದವು. ಭದ್ರಮ್ಮ ಎರಡು ಕೈಯಲ್ಲಿ ಎರಡು ತಂದಳು.

'ಆರು' ಅಂದಳು ರಹಿಮಾ ಬೀ ಅವನಿಗೆ. 'ಮೊದಲು ಇದು. ಆಮೇಲೆ ಬೇರೆ ಎಲ್ಲ.'

'ಮಾಡ್ಸೋಣ ಮಾಡ್ಸೋಣ' ಅನ್ನುತ್ತ ಮೋಹನ್‌ಕುಮಾರ್ ಬಿಂದಿಗೆಗಳನ್ನು ಬಳಸಿಕೊಂಡು ಹೋದ. ಗಲ್ಲಿ ದಾಟುವವರೆಗೆ ತಮಟೆ ಬಾರಿಸಲಿಲ್ಲ.

ರಹಿಮಾ ಬೀ ಅಲ್ಲೇ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ಬಿಂದಿಗೆಯ ಬಾಯಿ ನೋಡುತ್ತ ಮಾತಾಡಿದಳು.

'ನಾನು ಸತ್ರೆ ನೀನೇ ಬಾ. ಬೇರೆ ಯಾರಿಗೂ ಕೈ ಹಾಕಕ್ಕೆ ಬಿಡಬೇಡ. ಆದ್ರೆ ನೀರು ಎಣಿಸ್ಕೊಂಡು ಕೂತ್ಕೋ. ಟ್ಯಾಂಕರ್ ಬರುತ್ತೆ ಅಂತ ಯಾರು ಆಣೆ ಹಾಕಿದ್ರೂ ಕೊಡಬೇಡ. ಜಮಾತ್ ಬಂದ್ರೂ ಕೊಡಬೇಡ.'

'ಕೊಡಲ್ಲ' ಅಂದೆ.

ಅವಳು ಕೂಸನ್ನು ನನ್ನ ಕೈಗೆ ಕೊಟ್ಟಳು, ಬಿಂದಿಗೆ ಎತ್ತಿಕೊಳ್ಳಲು. ಅಲ್ಲಿಯವರೆಗೆ ಆ ಗಲ್ಲಿಯಲ್ಲಿ ಜೀವ ಇರುವ ಕೂಸನ್ನು ನನ್ನ ಕೈಗೆ ಯಾರೂ ಕೊಟ್ಟಿರಲಿಲ್ಲ. ಭಾರ ಇತ್ತು, ಬೆಚ್ಚಗಿತ್ತು. ನಾವಿಬ್ಬರೂ ಭದ್ರಮ್ಮನ ಮೂಲೆಯ ನಲ್ಲಿಗೆ ಹೋದೆವು. ನೀರು ಬಂದಿರಲಿಲ್ಲ. ಬಿಂದಿಗೆಗಳನ್ನು ಸಾಲಾಗಿಟ್ಟು ಕೂತೆವು.